ಹಾಡಿದ ಬಾಯಿ, ಬರೆದ ಕೈ

ನಮ್ಮ ಮೆರವಣಿಗೆಗಳಲ್ಲಿ, ಬೀದಿನಾಟಕಗಳಲ್ಲಿ ‘ಗೆದ್ದೇ ಗೆಲ್ಲುವೆವು ಒಂದು ದಿನ’ ಎಂದು ಹಾಡಿಕೊಂಡು ಬಂದ ಹಾಡಿದೆಯಲ್ಲ, ಅದರ ಇಂಗ್ಲಿಷ್ ರೂಪವನ್ನು ಊರೂರಿಗೆ ಮುಟ್ಟಿಸಿದವರಲ್ಲಿ ಪೀಟ್ ಸೀಗರ್ ಒಬ್ಬರು. ಹಾಗಾಗಿ ಆ ಹೆಸರು ಇಲ್ಲಿ ಹಲವರಿಗೆ ಗೊತ್ತು. ಅವರ ತಂಗಿ ಪೆಗ್ಗಿ ಸೀಗರ್ ಗೊತ್ತಿರುವವರು ಕಡಿಮೆ. ತಂದೆ ಒಬ್ಬರೇ, ತಾಯಿ ಬೇರೆ; ಅಣ್ಣ ತಂಗಿಯರ ನಡುವೆ 16 ವರ್ಷದ ಅಂತರ. ಪೆಗ್ಗಿ 1935ರ ಜೂನ್ 17ರಂದು ನ್ಯೂಯಾರ್ಕಿನಲ್ಲಿ ಹುಟ್ಟಿ, ವಾಷಿಂಗ್ಟನ್ ಆಸುಪಾಸಿನಲ್ಲಿ ಬೆಳೆದು, ಇಪ್ಪತ್ತರ ಹರೆಯದಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ಬೇರು ಬಿಟ್ಟವರು. ಹಾಡು ಕಟ್ಟುತ್ತಾರೆ, ತಾವೇ ಹಾಡುತ್ತಾರೆ. ಪಿಯಾನೊ, ಗಿಟಾರ್, ಐದು ತಂತಿಯ ಬ್ಯಾಂಜೊ, ಆಟೊಹಾರ್ಪ್, ಅಪಲೇಚಿಯನ್ ಡಲ್ಸಿಮರ್, ಇಂಗ್ಲಿಷ್ ಕನ್ಸರ್ಟಿನಾ ಎಂದು ಆರು ವಾದ್ಯ ಅವರ ಕೈಗೆ ಒಗ್ಗಿವೆ.

ಇಂಥವರ ಬಗ್ಗೆ ಬರೆಯುವಾಗ ‘ಸಂಗೀತ ರಕ್ತದಲ್ಲೇ ಬಂದಿದೆ’ ಎಂದು ಹೇಳಿ ಮುಗಿಸಿಬಿಡುವುದು ರೂಢಿ. ಆ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಸೀಗರ್ ಮನೆಯಲ್ಲಿ ಮಕ್ಕಳಿಗೆ ದಕ್ಕಿದ್ದು ಕೆಲಸ. ಕೇಳುವ ಕೆಲಸ, ಕೇಳಿದ್ದನ್ನು ಬರೆದಿಡುವ ಕೆಲಸ, ಬರೆದದ್ದನ್ನು ಮತ್ತೊಬ್ಬರ ಬಾಯಿಗೆ ಕೂಡಿಸುವ ಕೆಲಸ. ಈ ಕೆಲಸದ ದೊಡ್ಡ ಪಾಲು ಆ ಮನೆಯ ಹೆಂಗಸರ ಮೇಲೆ ಬಿತ್ತು. ಹೆಸರು ಬಹಳ ಸಲ ಬೇರೆಯವರಿಗೆ ಹೋಯಿತು. ಪೆಗ್ಗಿಯವರ ಬದುಕನ್ನು ಈ ಒಂದು ಎಳೆ ಹಿಡಿದು ನೋಡಿದರೆ ಅವರ ಹಾಡುಗಳು ಬೇರೆಯೇ ಕೇಳಿಸುತ್ತವೆ.

ತಾಯಿಯಿಂದ ಶುರು ಮಾಡಬೇಕು. ರೂತ್ ಕ್ರಾಫರ್ಡ್ 1901ರಲ್ಲಿ ಒಹಾಯೋದಲ್ಲಿ ಹುಟ್ಟಿದವರು. ಸಂಗೀತ ರಚನೆಗೆ ಗಗೆನ್‌ಹೈಮ್ ಫೆಲೋಶಿಪ್ ಪಡೆದ ಮೊದಲ ಮಹಿಳೆ ಅವರು, 1930ರಲ್ಲಿ. ಆ ಹಣದಲ್ಲಿ ಬರ್ಲಿನ್‌ಗೆ ಹೋದರು. 1931ರಲ್ಲಿ ಅವರು ಬರೆದ ಸ್ಟ್ರಿಂಗ್ ಕ್ವಾರ್ಟೆಟ್ ಇಂದಿಗೂ ಸಂಗೀತ ವಿದ್ಯಾರ್ಥಿಗಳಿಗೆ ಪಾಠ. ಅದರ ಮೂರನೆಯ ಭಾಗವನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಎರಡು ವಯಲಿನ್, ಒಂದು ವಿಯೋಲ, ಒಂದು ಚೆಲೋ. ನಾಲ್ಕೂ ಉದ್ದುದ್ದ ಸ್ವರ ಹಿಡಿದು ನಿಂತಿರುತ್ತವೆ. ಒಂದು ಉಬ್ಬುವಾಗ ಇನ್ನೊಂದು ತಗ್ಗುತ್ತದೆ. ಯಾವ ವಾದ್ಯವೂ ಒಂಟಿಯಾಗಿ ರಾಗ ನುಡಿಸುವುದಿಲ್ಲ. ಈಗ ಉಬ್ಬಿದ ಸ್ವರದಿಂದ ಮುಂದೆ ಉಬ್ಬುವ ಸ್ವರಕ್ಕೆ ಕಿವಿ ದಾಟುತ್ತ ಹೋದಾಗ ಮಾತ್ರ ಒಂದು ಎಳೆ ಕೂಡಿಕೊಳ್ಳುತ್ತದೆ. ಕೊನೆಯ ಭಾಗದಲ್ಲಿ ಮೊದಲ ವಯಲಿನ್ ಒಂದು ಸ್ವರ ನುಡಿಸಿ ನಿಲ್ಲುತ್ತದೆ, ಆಮೇಲೆ ಎರಡು, ಆಮೇಲೆ ಮೂರು, ಹೀಗೆ ಏರುತ್ತದೆ. ಉಳಿದ ಮೂರು ವಾದ್ಯ ಒಟ್ಟಾಗಿ ಹೆಚ್ಚು ಸ್ವರದಿಂದ ಕಡಿಮೆಗೆ ಇಳಿಯುತ್ತವೆ. ಮೂವತ್ತು ವರ್ಷದ ಹೆಣ್ಣುಮಗಳು ಇದನ್ನು ಬರೆದಿಟ್ಟು ವಾಪಸಾದಳು.

1932ರಲ್ಲಿ ತಮ್ಮ ಗುರು ಚಾರ್ಲ್ಸ್ ಸೀಗರ್ ಅವರನ್ನು ರೂತ್ ಮದುವೆಯಾದರು. 1933ರಲ್ಲಿ ಮೈಕ್, 1935ರಲ್ಲಿ ಪೆಗ್ಗಿ, ಆಮೇಲೆ ಬಾರ್ಬರಾ, ಪೆನ್ನಿ. ಆರ್ಥಿಕ ಕುಸಿತದ ಕಾಲ; ಚಾರ್ಲ್ಸ್ ಅವರಿಗೆ ಸರಕಾರಿ ಕೆಲಸ ಸಿಕ್ಕು ಸಂಸಾರ ವಾಷಿಂಗ್ಟನ್ ಕಡೆಗೆ ಬಂತು. ರೂತ್ ಅವರ ಸ್ವಂತ ರಚನೆ ಅಲ್ಲಿಗೆ ಹೆಚ್ಚುಕಡಿಮೆ ನಿಂತೇಹೋಯಿತು. 1939ರ ಒಂದು ಪುಟ್ಟ ಆರ್ಕೆಸ್ಟ್ರಾ ತುಣುಕು ಬಿಟ್ಟರೆ, ಹೇಳಿಕೊಳ್ಳುವಂಥ ಮುಂದಿನ ಕೃತಿ 1952ರದ್ದು. ನಡುವೆ ಇಪ್ಪತ್ತು ವರ್ಷ. ಆ ಇಪ್ಪತ್ತು ವರ್ಷ ರೂತ್ ಸುಮ್ಮನೆ ಕೂತಿರಲಿಲ್ಲ. ಜಾನ್ ಲೋಮ್ಯಾಕ್ಸ್ ಮತ್ತು ಅವರ ಮಗ ಅಲನ್ ಹಳ್ಳಿ, ಜೈಲು, ಹೊಲಗಳಲ್ಲಿ ಧ್ವನಿಮುದ್ರಿಸಿ ತಂದು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿಟ್ಟ ಹಾಡುಗಳನ್ನು ಸ್ವರಲಿಪಿಗೆ ಇಳಿಸುತ್ತಿದ್ದರು. 1941ರಲ್ಲಿ ಬಂದ ಲೋಮ್ಯಾಕ್ಸರ ಸಂಕಲನದ ಸಂಗೀತವೆಲ್ಲ ರೂತ್ ಕೈಬರಹದಿಂದ ಬಂದದ್ದು.

ಈ ಕೆಲಸ ಎಂಥದೆಂದು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಪೆಗ್ಗಿಯವರ ಕಿವಿ ಪಳಗಿದ್ದು ಇದರಲ್ಲೇ. ಹಾಡು ಮುದ್ರಿಸಿದ ಅಲ್ಯೂಮಿನಿಯಂ ತಟ್ಟೆಗೆ ಉಕ್ಕಿನ ಸೂಜಿ ತಾಕಿಸಿದರೆ ಗೀರು ಸವೆದುಹೋಗುತ್ತದೆ, ಮುಳ್ಳಿನ ಸೂಜಿಯೇ ಬೇಕು. ಸೂಜಿ ಇಟ್ಟು, ಅರ್ಧ ಸಾಲು ಕೇಳಿ, ಎತ್ತಿ, ಬರೆದು, ಮತ್ತೆ ಇಡಬೇಕು. ಮೊದಲ ಸಲ ಪೆನ್ಸಿಲ್ ಮುಟ್ಟದೆ ಇಡೀ ಹಾಡು ಕೇಳಿ, ರಾಗ ಎಲ್ಲಿ ಬಂದು ಕೂರುತ್ತದೆ ಅನ್ನುವುದನ್ನು ಹಿಡಿಯಬೇಕು. ನಮ್ಮ ಲೆಕ್ಕದಲ್ಲಿ ಷಡ್ಜ ಕಂಡುಕೊಂಡ ಹಾಗೆ. ಎರಡನೆಯ ಸಲ ತಾಳದ ಎಣಿಕೆ. ಆಮೇಲೆ ಒಂದು ಪದ್ಯದ ಸ್ವರಗಳು. ಅಲ್ಲಿಂದ ಮುಂದೆ ನಿಜವಾದ ಕಷ್ಟ: ಹಾಡುವವರು ಎರಡನೆಯ ಪದ್ಯವನ್ನು ಮೊದಲಿನ ಹಾಗೇ ಹಾಡುವುದಿಲ್ಲ. ಆರು ಪದ್ಯ ಇದ್ದರೆ ಆರು ಸಣ್ಣ ವ್ಯತ್ಯಾಸ. ಯಾವುದನ್ನು ಅಚ್ಚು ಹಾಕುವುದು? ಪ್ರತಿಯೊಂದು ಜಾಗದಲ್ಲೂ ಗಾಯಕರು ಹೆಚ್ಚು ಸಲ ಏನು ಮಾಡುತ್ತಾರೋ ಅದನ್ನು ಎಣಿಸಿ ನಿರ್ಧರಿಸುವ ದಾರಿ ರೂತ್ ಅವರದು.

ತಪ್ಪುಗಳು ಎಲ್ಲಿ ನುಸುಳುತ್ತವೆ ಅನ್ನುವುದೂ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಾಡುವವರು ಸಾಲಿನ ಕೊನೆಗೆ ಉಸಿರಿಗಾಗಿ ಅರ್ಧ ಎಣಿಕೆ ಹೆಚ್ಚು ತೆಗೆದುಕೊಳ್ಳುತ್ತಾರೆ. ನಾಲ್ಕರ ತಾಳಕ್ಕೆ ಒಗ್ಗಿದ ಕೈ ಅದನ್ನು ಕತ್ತರಿಸಿ ನೇರ ಮಾಡಿಬಿಡುತ್ತದೆ. ಗಾಂಧಾರ ಸಾಧಾರಣವೂ ಅಲ್ಲದೆ ಅಂತರವೂ ಅಲ್ಲದೆ ನಡುವೆ ನಿಂತಿರುತ್ತದೆ. ಪಿಯಾನೊದಲ್ಲಿ ಆ ಜಾಗಕ್ಕೆ ಕಟ್ಟೆಯೇ ಇಲ್ಲ, ಹಾಗಾಗಿ ಬರೆಯುವವರು ಯಾವುದೋ ಒಂದು ಕಡೆಗೆ ದೂಡುತ್ತಾರೆ. ಬ್ಯಾಟರಿ ಇಳಿದ ಯಂತ್ರ ಮುದ್ರಿಸುವಾಗ ನಿಧಾನವಾಗಿ ಓಡಿದ್ದರೆ, ಕೇಳುವಾಗ ಹಾಡು ಶ್ರುತಿಯಲ್ಲೂ ಏರಿರುತ್ತದೆ, ವೇಗದಲ್ಲೂ ಏರಿರುತ್ತದೆ. ರೂತ್ ಈ ಯಾವುದನ್ನೂ ಮುಚ್ಚಿಹಾಕಲಿಲ್ಲ. ಒಂದೇ ಹಾಡಿನಲ್ಲಿ ತಾಳದ ಗುರುತು ಎರಡು ಮೂರು ಸಲ ಬದಲಾಗುವುದನ್ನು ಅವರ ಲಿಪಿಯಲ್ಲಿ ಕಾಣಬಹುದು. ಈ ವಿಧಾನವನ್ನೆಲ್ಲ ವಿವರಿಸಿ ಸಂಕಲನಕ್ಕೆಂದು ಉದ್ದನೆಯ ಪ್ರಸ್ತಾವನೆ ಬರೆದರು. ಉದ್ದವಾಯಿತೆಂದು ಅದು ಒಳಗೆ ಸೇರಲಿಲ್ಲ. ಪುಸ್ತಕವಾಗಿ ಹೊರಬಂದದ್ದು 2001ರಲ್ಲಿ, ರೂತ್ ತೀರಿಕೊಂಡು 48 ವರ್ಷವಾದ ಮೇಲೆ.

ಕನ್ನಡದವರು ಇದನ್ನು ಓದುವಾಗ ನಮ್ಮ ಕಪಾಟಿನ ಕಡೆಗೂ ಒಮ್ಮೆ ನೋಡಬೇಕು. ಬೀಸುಕಲ್ಲಿನ ಪದ, ಸೋಬಾನೆ, ಕೋಲಾಟದ ಪದ ಎಂದು ಎಷ್ಟೊಂದು ಸಂಕಲನಗಳಿವೆ. ಬಹುಪಾಲಿನಲ್ಲಿ ಮಾತು ಮಾತ್ರ ಅಚ್ಚಾಗಿದೆ, ಮಟ್ಟು ಇಲ್ಲ. ಹಾಡಿದ ಅಜ್ಜಿ ಹೋದಳು ಅಂದರೆ ಧಾಟಿಯೂ ಅವಳ ಜೊತೆಗೆ ಹೋಯಿತು. ರೂತ್ ಅವರ ಹಾಗೆ ಸೂಜಿ ಎತ್ತಿ ಇಟ್ಟು ಬರೆಯುವವರು ನಮ್ಮಲ್ಲಿ ತೀರ ಕಡಿಮೆ. ಇದನ್ನು ನೆನೆದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಪೆಗ್ಗಿ ಈ ಸದ್ದಿನ ನಡುವೆ ಬೆಳೆದ ಹುಡುಗಿ. ಏಳನೆಯ ವಯಸ್ಸಿಗೆ ಪಿಯಾನೊ ಶುರು. ಹನ್ನೊಂದಕ್ಕೆಲ್ಲ ತಾನೇ ಹಾಡುಗಳನ್ನು ಸ್ವರಲಿಪಿಗೆ ಇಳಿಸುತ್ತಿದ್ದಳು. ತಾಯಿ ಮಕ್ಕಳ ಶಾಲೆಯಲ್ಲಿ ಜನಪದ ಹಾಡು ಕಲಿಸುತ್ತಿದ್ದರು. ಆ ಅನುಭವದಿಂದ 1948ರಲ್ಲಿ ಮಕ್ಕಳ ಹಾಡುಗಳ ಒಂದು ಸಂಗ್ರಹ ತಂದರು. ಹಾಡಿನೊಳಗೆ ಎದುರಿಗೆ ಕೂತ ಮಗುವಿನ ಹೆಸರು ಸೇರಿಸಿ, ಅದು ತೊಟ್ಟ ಅಂಗಿಯ ಬಣ್ಣ ಸೇರಿಸಿ, ಸಾಲು ಹೊಸದು ಮಾಡಿ ಎನ್ನುವುದು ಅವರ ಪಾಠ. ಹಾಡು ಕಟ್ಟುವುದೆಂದರೆ ಮೇಜಿನ ಮುಂದೆ ಕೂತು ಬರೆಯುವ ಘನ ಕಾರ್ಯವಲ್ಲ, ಇರುವ ಮಟ್ಟಿಗೆ ಇವತ್ತಿನ ಮಾತು ಕೂಡಿಸುವುದು ಅನ್ನುವ ತಿಳಿವಳಿಕೆ ಮಗಳಿಗೆ ಇಲ್ಲೇ ಬಂತು ಅಂತ ನನ್ನ ಅನಿಸಿಕೆ.

ಆ ಮನೆಯಲ್ಲಿ ಇನ್ನೊಬ್ಬ ಹೆಂಗಸಿದ್ದರು. ಎಲಿಜಬೆತ್ ಕಾಟನ್. ಉತ್ತರ ಕ್ಯಾರೊಲಿನಾದ ಕಪ್ಪು ಸಮುದಾಯದವರು. ವಾಷಿಂಗ್ಟನ್ನಿನ ಒಂದು ದೊಡ್ಡ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ತಪ್ಪಿಸಿಕೊಂಡ ಪುಟ್ಟ ಪೆಗ್ಗಿಯನ್ನು ತಾಯಿಗೆ ತಂದೊಪ್ಪಿಸಿದವರು ಅವರೇ. ಆ ಪರಿಚಯದಿಂದ ಮುಂದೆ ಸೀಗರ್ ಮನೆಗೆ ಅಡುಗೆ, ಒಗೆತದ ಕೆಲಸಕ್ಕೆ ಬಂದರು. ಚಿಕ್ಕವರಿದ್ದಾಗ ಗಿಟಾರ್ ನುಡಿಸುತ್ತಿದ್ದುದನ್ನು ದಶಕಗಳ ಕಾಲ ಬಿಟ್ಟೇಬಿಟ್ಟಿದ್ದರು. ಗೋಡೆಗೆ ತೂಗುಹಾಕಿದ್ದ ಗಿಟಾರನ್ನು ಒಂದು ದಿನ ಇಳಿಸಿಕೊಂಡು ನುಡಿಸಿದಾಗಲೇ ಮನೆಯವರಿಗೆ ಗೊತ್ತಾದದ್ದು.

ಅವರ ಕೈ ಹೇಗಿತ್ತೆಂದರೆ, ಎಡಗೈ ಬಳಸುವವರು. ಬಲಗೈಯವರಿಗಾಗಿ ತಂತಿ ಕಟ್ಟಿದ ಗಿಟಾರನ್ನೇ ತಿರುಗಿಸಿ ಹಿಡಿದರು, ತಂತಿ ಬದಲಿಸಲಿಲ್ಲ. ಹಾಗಾಗಿ ದಪ್ಪ ತಂತಿಗಳು ಕೆಳಗೆ, ತೆಳು ತಂತಿಗಳು ಮೇಲೆ. ಎಲ್ಲರೂ ಹೆಬ್ಬೆರಳಿನಲ್ಲಿ ಮಂದ್ರದ ತಂತಿ ಮೀಟಿ, ಬೆರಳುಗಳಲ್ಲಿ ರಾಗ ತೆಗೆದರೆ, ಇವರು ಬೆರಳಿನಲ್ಲಿ ಮಂದ್ರ ಮೀಟಿ, ಹೆಬ್ಬೆರಳಿನಲ್ಲಿ ರಾಗ ತೆಗೆದರು. ಮಂದ್ರ ಒಂದು ತಂತಿಯಿಂದ ಇನ್ನೊಂದಕ್ಕೆ ಗಡಿಯಾರದ ಹಾಗೆ ಅತ್ತಿತ್ತ ನಡೆಯುತ್ತದೆ, ರಾಗ ಅದರ ಮೇಲೆ ತೇಲುತ್ತದೆ. ಬಲಗೈಯವರು ಇದನ್ನು ಕಲಿಯಬೇಕಾದರೆ ಪಾತ್ರಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ಮೊದಲು ಎಡವುವ ಜಾಗವೂ ಇದೇ: ರಾಗದ ಸ್ವರ ಎಣಿಕೆಯ ನಡುವೆ ಬಿದ್ದ ಕೂಡಲೇ ಹೆಬ್ಬೆರಳು ತಡವರಿಸಿ ಮಂದ್ರ ನಿಂತುಹೋಗುತ್ತದೆ. ಎರಡು ತಂತಿಯ ಮಂದ್ರವನ್ನು ಮಾತಾಡುತ್ತಲೇ ನುಡಿಸುವಷ್ಟು ಗಟ್ಟಿ ಮಾಡಿಕೊಂಡು ಆಮೇಲೆ ರಾಗ ಸೇರಿಸಬೇಕು. ಪೆಗ್ಗಿ, ಮೈಕ್ ಇಬ್ಬರೂ ಈ ಕೈಯನ್ನು ಅಡುಗೆಮನೆಯಲ್ಲೇ ನೋಡಿ ಕಲಿತವರು.

ಕಾಟನ್ ಹುಡುಗಿಯಾಗಿದ್ದಾಗ ಕಟ್ಟಿದ ‘ಫ್ರೈಟ್ ಟ್ರೇನ್’ ಹಾಡನ್ನು ಪೆಗ್ಗಿ ಇಂಗ್ಲೆಂಡಿನಲ್ಲಿ ಹಾಡಿದರು. ಅಲ್ಲಿ ಅದು ಬಾಯಿಂದ ಬಾಯಿಗೆ ಹೋಗಿ, ಬೇರೆಯವರ ಹೆಸರಿನಲ್ಲಿ ಹಕ್ಕು ದಾಖಲಾಗಿ, 1957ರಲ್ಲಿ ಜನಪ್ರಿಯ ಧ್ವನಿಮುದ್ರಿಕೆಯಾಯಿತು. ಕಟ್ಟಿದಾಕೆ ಆಗ ವಾಷಿಂಗ್ಟನ್ನಿನಲ್ಲಿ ಮನೆಗೆಲಸ ಮಾಡುತ್ತಿದ್ದರು. ಹಕ್ಕು ಮುಂದೆ ಅವರಿಗೆ ಮರಳಿತು. ಕಾಟನ್ ಅವರ ಹಾಡುಗಳನ್ನು ಮೈಕ್ ಮುದ್ರಿಸಿ 1958ರಲ್ಲಿ ಫೋಕ್‌ವೇಸ್ ಸಂಸ್ಥೆಯಿಂದ ತಟ್ಟೆ ತಂದರು. ತೊಂಬತ್ತರ ಅಂಚಿನಲ್ಲಿ ಕಾಟನ್ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆದರು. ಆದರೂ ಈ ಪ್ರಸಂಗ ಒಂದು ಪಾಠ. ಹಾಡು ಪ್ರೀತಿಯಿಂದಲೇ ಹೊರಟರೂ, ಕಟ್ಟಿದವರ ಹೆಸರನ್ನು ಪ್ರತಿ ವೇದಿಕೆಯಲ್ಲೂ ಹೇಳದೆ ಹೋದರೆ ‘ಸಾಂಪ್ರದಾಯಿಕ’ ಅನ್ನುವ ಚೀಟಿ ಅಂಟಿಕೊಳ್ಳುತ್ತದೆ. ಆ ಚೀಟಿ ಬಿದ್ದ ಹಾಡು ಯಾರ ಕೈಗಾದರೂ ಸಿಗುವ ಸೊತ್ತು.

ಬ್ಯಾಂಜೊ ಬಂದದ್ದು ಅಣ್ಣನ ಕಡೆಯಿಂದ. ಪೀಟ್ 1948ರಲ್ಲಿ ಸೈಕ್ಲೊಸ್ಟೈಲ್ ಮಾಡಿ ಹಂಚಿದ ಕೈಪಿಡಿ ಆ ಕಾಲದ ಹುಡುಗ ಹುಡುಗಿಯರಿಗೆ ಗುರುವಾಯಿತು. ಐದು ತಂತಿಯ ಬ್ಯಾಂಜೊದಲ್ಲಿ ನಾಲ್ಕು ಉದ್ದ, ಒಂದು ಗಿಡ್ಡ. ಗಿಡ್ಡ ತಂತಿ ಐದನೆಯ ಮನೆಯ ಹತ್ತಿರ ಶುರುವಾಗುತ್ತದೆ, ಎಲ್ಲಕ್ಕಿಂತ ಎತ್ತರದ ಸ್ವರ ಅದರದ್ದು, ಹೆಬ್ಬೆರಳಿಗೆ ಮೀಸಲು. ನಮ್ಮ ಕಿವಿಗೆ ಅದು ಕೂಡಲೇ ಅರ್ಥವಾಗುತ್ತದೆ, ಯಾಕೆಂದರೆ ಅದು ಶ್ರುತಿ. ತಂಬೂರಿ ಹಿಂದೆ ಕೂತು ಹಿಡಿಯುವ ಶ್ರುತಿಯನ್ನು ಇಲ್ಲಿ ಒಂದೇ ಕೈ ತಾಳದೊಳಗೆ ಸೇರಿಸಿ ಬಡಿಯುತ್ತದೆ. ತೋರುಬೆರಳಿನ ಉಗುರಿನ ಬೆನ್ನಿನಿಂದ ಒಂದು ತಂತಿಗೆ ಕೆಳಮುಖದ ಏಟು, ಅದೇ ಉಗುರಿನಿಂದ ಉಳಿದ ತಂತಿಗಳ ಮೇಲೆ ಒಂದು ಸವರು, ಆಮೇಲೆ ಹೆಬ್ಬೆರಳು ಗಿಡ್ಡ ತಂತಿ ಬಿಡುತ್ತದೆ. ಒಂದು ದೀರ್ಘ, ಎರಡು ಹ್ರಸ್ವ. ಕಲಿಯುವವರು ಬೆರಳು ಆಡಿಸುತ್ತಾರೆ. ಆಡಬೇಕಾದ್ದು ಮಣಿಕಟ್ಟು, ಬೆರಳು ಕೊಕ್ಕೆಯ ಹಾಗೆ ಸುಮ್ಮನಿರಬೇಕು.

ಹಾಡಿಗೆ ಶ್ರುತಿ ಏರಿಸಬೇಕಾದಾಗ ಇನ್ನೊಂದು ತೊಡಕು. ಉದ್ದ ತಂತಿಗಳಿಗೆ ಎರಡನೆಯ ಮನೆಯಲ್ಲಿ ಕೇಪೊ, ಅಂದರೆ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಪಟ್ಟಿ, ಹಾಕಬಹುದು, ಗಿಡ್ಡ ತಂತಿಗೆ ಅದು ತಾಗುವುದೇ ಇಲ್ಲ. ಬಿಗಿದರೆ ಪಟ್ಟೆಂದು ಹರಿಯುವ ಭಯ. ಆಟಿಕೆ ರೈಲಿನ ಹಳಿಗೆ ಹೊಡೆಯುವ ಪುಟಾಣಿ ಮೊಳೆಯನ್ನು ಏಳನೆಯ ಮನೆಯ ಪಕ್ಕ ಕೂರಿಸಿ, ತಂತಿಯನ್ನು ಅದರಡಿ ಸಿಗಿಸುವುದು ಬ್ಯಾಂಜೊದವರು ಕಂಡುಕೊಂಡ ಉಪಾಯ. ಚರ್ಮದ ಮುಚ್ಚಿಗೆಯಿದ್ದರೆ ಮಳೆಗಾಲದಲ್ಲಿ ಅದು ಸಡಿಲವಾಗಿ, ಕುದುರೆ ತಗ್ಗಿ, ತಂತಿ ಮನೆಗಳಿಗೆ ತಾಗಿ ಝಲ್ಲೆನ್ನುತ್ತದೆ. ನಮ್ಮ ತಮಟೆಯವರು ಬೆಂಕಿಗೆ ಹಿಡಿದು ಕಾಯಿಸುವುದೂ ಇದೇ ಕಾರಣಕ್ಕೆ.

1953ರ ನವೆಂಬರಿನಲ್ಲಿ ಕ್ಯಾನ್ಸರ್‌ನಿಂದ ರೂತ್ ತೀರಿಕೊಂಡರು. ಪೆಗ್ಗಿಗೆ ಆಗ 18. ರ‍್ಯಾಡ್‌ಕ್ಲಿಫ್ ಕಾಲೇಜಿನಲ್ಲಿ ಸಂಗೀತ ಓದುತ್ತಿದ್ದವರು 1955ರಲ್ಲಿ ಯುರೋಪಿಗೆ ಹೊರಟರು. 1956ರ ಮಾರ್ಚಿನಲ್ಲಿ ಬ್ಯಾಂಜೊ ನುಡಿಸುವವರು ಬೇಕೆಂದು ಕರೆ ಬಂದು ಲಂಡನ್ನಿಗೆ ಬಂದಾಗ ಯೂಅನ್ ಮೆಕಾಲ್ ಭೇಟಿಯಾದರು. ಯೂಅನ್ ಇಪ್ಪತ್ತು ವರ್ಷ ಹಿರಿಯರು, ವಿವಾಹಿತರು, ನಾಟಕದವರು, ಗಟ್ಟಿ ಎಡಪಂಥೀಯರು. ಮುಂದಿನ ವರ್ಷ ಪೆಗ್ಗಿ ಅಮೆರಿಕದಲ್ಲಿದ್ದಾಗ ಅವರಿಗಾಗಿ ಯೂಅನ್ ಒಂದು ಪ್ರೇಮಗೀತೆ ಕಟ್ಟಿ ಫೋನಿನಲ್ಲಿ ಹೇಳಿಕೊಟ್ಟರು. ಅದೇ 1972ರಲ್ಲಿ ರೋಬರ್ಟಾ ಫ್ಲ್ಯಾಕ್ ಅವರ ದನಿಯಲ್ಲಿ ಜಗತ್ತಿಗೆಲ್ಲ ಕೇಳಿಸಿದ ‘ದಿ ಫಸ್ಟ್ ಟೈಮ್ ಎವರ್ ಐ ಸಾ ಯುವರ್ ಫೇಸ್’. ಪೆಗ್ಗಿ ಹಾಡುತ್ತಿದ್ದ ರೀತಿ ಹಗುರ, ಚುರುಕು. ಫ್ಲ್ಯಾಕ್ ಅದನ್ನೇ ಎಳೆದು ಐದು ನಿಮಿಷ ದಾಟಿಸಿದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದರೆ ಲಯ ಒಂದು ಹಾಡಿನ ಅರ್ಥವನ್ನೇ ಹೇಗೆ ತಿರುಗಿಸುತ್ತದೆ ಅನ್ನುವುದು ತಿಳಿಯುತ್ತದೆ. ಪೆಗ್ಗಿಯವರ ಬಗೆಗಿನ ಎಷ್ಟೋ ಲೇಖನಗಳು ಈ ಹಾಡಿನಿಂದಲೇ ಶುರುವಾಗುತ್ತವೆ. ಅದರಲ್ಲಿ ಅವರು ನೋಡಲ್ಪಟ್ಟ ಮುಖ. ಮಾಡಿದ ಕೈ ಬೇರೆ ಕಡೆ ಇದೆ.

ಆ ಕೈ ಕಾಣುವುದು ಮಾತು, ಹಾಡು ಹೆಣೆದು ಮಾಡಿದ ಬಿಬಿಸಿಯ ರೇಡಿಯೊ ಬ್ಯಾಲಡ್‌ಗಳಲ್ಲಿ. 1958ರಿಂದ 1964ರ ತನಕ ಎಂಟು ಕಾರ್ಯಕ್ರಮ. ನಿರ್ಮಾಪಕ ಚಾರ್ಲ್ಸ್ ಪಾರ್ಕರ್, ಹಾಡುಗಳು ಯೂಅನ್ ಅವರವು, ವಾದ್ಯಸಂಯೋಜನೆ, ಸಂಗೀತ ನಿರ್ದೇಶನ ಪೆಗ್ಗಿಯವರದು. ಯೂಅನ್ ಅವರಿಗೆ ಸ್ವರಲಿಪಿ ಓದಲು, ಬರೆಯಲು ಬರುತ್ತಿರಲಿಲ್ಲ. ಅವರು ಹಾಡಿ ತೋರಿಸಿದ್ದನ್ನು ಬರೆದು, ವಾದ್ಯದವರ ಮುಂದೆ ಇಡುವ ಹಾಳೆ ತಯಾರಿಸಿದ್ದು ಪೆಗ್ಗಿ. ಲೋಮ್ಯಾಕ್ಸರಿಗೆ ತಾಯಿ ಮಾಡಿಕೊಟ್ಟ ಕೆಲಸವನ್ನು ಮಗಳು ಇಲ್ಲಿ ಮುಂದುವರಿಸಿದಳು.

ಮೊದಲ ಕಾರ್ಯಕ್ರಮ ಜಾನ್ ಆಕ್ಸನ್ ಎಂಬ ರೈಲು ಚಾಲಕನದ್ದು. 1957ರ ಫೆಬ್ರವರಿ 9ರಂದು ಬ್ರೇಕಿಗೆ ಹೋಗುವ ಹಬೆಯ ಕೊಳವೆ ಒಡೆದು, ಕುದಿಯುವ ಹಬೆ ಮೈಮೇಲೆ ಬರುತ್ತಿದ್ದರೂ ಇಳಿಜಾರಿನಲ್ಲಿ ಓಡುತ್ತಿದ್ದ ಗಾಡಿ ಬಿಟ್ಟು ಹಾರದೆ ಸತ್ತವರು. ರೇಡಿಯೊದಲ್ಲಿ ಅದುವರೆಗಿನ ಪದ್ಧತಿ ಎಂದರೆ ಕೆಲಸಗಾರರ ಮಾತನ್ನು ಬರೆದುಕೊಂಡು ನಟರ ಬಾಯಲ್ಲಿ ಹೇಳಿಸುವುದು. ಇವರು ಹೊತ್ತೊಯ್ಯಬಹುದಾದ ಇಎಂಐ ರೆಕಾರ್ಡರ್ ಹಿಡಿದು ಹೋಗಿ ಹೆಂಡತಿ, ಸಹೋದ್ಯೋಗಿಗಳ ಮಾತು ಮುದ್ರಿಸಿ ತಂದರು. ನಲವತ್ತು ಗಂಟೆಗೂ ಮಿಕ್ಕಿದ ಟೇಪು. ಅದನ್ನು ಕೇಳಿದ ಮೇಲೆ ನಟರ ದನಿ ಸಪ್ಪೆಯೆನಿಸಿ, ಆ ಜನರ ಸ್ವಂತ ಮಾತನ್ನೇ ಹಾಡಿನ ನಡುವೆ ಇಡುವುದೆಂದಾಯಿತು.

ಹೀಗೆ ಮಾತಿನಿಂದ ಹಾಡು ಕಟ್ಟುವ ಕ್ರಮ ಯಾರು ಬೇಕಾದರೂ ಕಲಿಯಬಹುದಾದದ್ದು. ಟೇಪನ್ನೆಲ್ಲ ಅಕ್ಷರಕ್ಕಿಳಿಸಬೇಕು, ಆದರೆ ಅಕ್ಷರ ನೋಡಿ ಆರಿಸಬಾರದು, ಮತ್ತೆ ಕಿವಿಯಿಂದಲೇ ಆರಿಸಬೇಕು. ಮಾತಾಡುವವರು ಯಾವ ಪದಕ್ಕೆ ಒತ್ತು ಕೊಟ್ಟರು, ಎಷ್ಟು ಉದ್ದಕ್ಕೆ ಉಸಿರು ಹಿಡಿದರು ಎಂದು ಗುರುತು ಹಾಕಿಕೊಳ್ಳಬೇಕು. ಸಾಲಿನ ಅಳತೆ ಆ ಉಸಿರಿನ ಅಳತೆ. ಅವರ ದನಿ ಸುತ್ತಾಡುವ ಸ್ವರಗಳ ಹತ್ತಿರವೇ ಹಾಡು ಎತ್ತಿಕೊಳ್ಳಬೇಕು. ಮಾತು ಮುಗಿದ ಸ್ಥಾಯಿಗೂ ವಾದ್ಯ ಶುರುವಾಗುವ ಸ್ಥಾಯಿಗೂ ಹೊಂದಿಕೆಯಿಲ್ಲದಿದ್ದರೆ ಕೇಳುವವರಿಗೆ ಬಾಗಿಲು ಧಡಾರೆಂದು ಹಾಕಿದ ಹಾಗಾಗುತ್ತದೆ. ಟೇಪು ಕತ್ತರಿಸುವುದು ಬ್ಲೇಡಿನಿಂದ, ಓರೆಯಾಗಿ, ಯಾಕೆಂದರೆ ನೇರ ಕತ್ತರಿಸಿದರೆ ಜೋಡಣೆಯಲ್ಲಿ ಟಕ್ಕೆಂದು ಸದ್ದು ಬರುತ್ತದೆ. ಸೆಕೆಂಡಿಗೆ 15 ಇಂಚು ಓಡುವ ಟೇಪಿನಲ್ಲಿ ಕಾಲು ಸೆಕೆಂಡಿನ ಉಸಿರು ಹೆಚ್ಚುಕಡಿಮೆ ನಾಲ್ಕು ಇಂಚು ಉದ್ದ. ಅಚ್ಚುಕಟ್ಟು ಮಾಡುವ ಆಸೆಗೆ ಆ ನಾಲ್ಕು ಇಂಚು ಕತ್ತರಿಸಿ ಎಸೆದರೆ ಮನುಷ್ಯನ ಮಾತು ರೈಲ್ವೆ ನಿಲ್ದಾಣದ ಘೋಷಣೆಯಾಗಿಬಿಡುತ್ತದೆ. 1960ರಲ್ಲಿ ಪ್ರಿ ಇಟಾಲಿಯಾ ಪ್ರಶಸ್ತಿ ಪಡೆದ ಮೀನುಗಾರರ ಕಾರ್ಯಕ್ರಮದಲ್ಲಿ ಸ್ಯಾಮ್ ಲಾರ್ನರ್ ಎಂಬ ಎಂಬತ್ತು ದಾಟಿದ ಅಜ್ಜನ ಮಾತಿದೆ. ಅವರ ಮಾತು ಎಲ್ಲಿ ಮುಗಿದು ಹಾಡು ಎಲ್ಲಿ ಶುರುವಾಯಿತೆಂದು ಕಿವಿ ಹುಡುಕುವ ಹಾಗಿದೆ.

ಮನೆಯಲ್ಲಿ ಮೂರು ಮಕ್ಕಳು: ನೀಲ್, ಕ್ಯಾಲಮ್, ಕಿಟ್ಟಿ. ಯೂಅನ್ ಅವರ ಹಿಂದಿನ ಹೆಂಡತಿ ಜೀನ್ ನ್ಯೂಲವ್ ಅವರ ಮಗಳು ಕರ್ಸ್ಟಿ ಮೆಕಾಲ್ ಕೂಡ ಮುಂದೆ ಹೆಸರಾಂತ ಗಾಯಕಿ. ಜೀನ್ ನೃತ್ಯಚಿಂತಕ ಲಾಬಾನ್ ಅವರ ಜೊತೆ ಕೆಲಸ ಮಾಡಿದವರು. ಲಾಬಾನ್ ಮೈಯ ಚಲನೆಯನ್ನು ಎಂಟು ಬಗೆಯಾಗಿ ಹೇಳಿದ್ದರು: ಗುದ್ದು, ಒತ್ತು, ಹಿಂಡು, ಬೀಸು, ಜಾರು, ತಟ್ಟು, ಚಿಮ್ಮು, ತೇಲು. 1964ರಿಂದ ಕಿರಿಯ ಗಾಯಕರಿಗಾಗಿ ಯೂಅನ್, ಪೆಗ್ಗಿ ನಡೆಸಿದ ಗುಂಪಿನಲ್ಲಿ ಇದನ್ನೇ ದನಿಗೆ ಹೊಂದಿಸಿ ಅಭ್ಯಾಸ ಮಾಡಿಸುತ್ತಿದ್ದರು. ಒಂದೇ ಸಾಲನ್ನು ಒತ್ತಿ ಹಾಡಿ, ಆಮೇಲೆ ತೇಲಿಸಿ ಹಾಡಿ. ಕೆಲಸದ ಹಾಡನ್ನು ತೇಲಿಸಿದರೆ ಅದು ಯಾಕೆ ಸುಳ್ಳೆನಿಸುತ್ತದೆ ಅನ್ನುವುದು ಗಂಟಲಿಗೇ ಗೊತ್ತಾಗುತ್ತದೆ. ಭಾವಗೀತೆ ಹಾಡುವ ನಮ್ಮ ಹುಡುಗರಿಗೂ ಇದು ಒಳ್ಳೆಯ ಅಭ್ಯಾಸ. ಎಲ್ಲ ಹಾಡನ್ನೂ ಒಂದೇ ಮೃದು ದನಿಯಲ್ಲಿ ಜಾರಿಸುವ ಚಾಳಿ ಇದರಿಂದ ಬಿಟ್ಟೀತು.

ಇಷ್ಟೆಲ್ಲದರ ನಡುವೆ ಪೆಗ್ಗಿಯವರ ಸ್ವಂತ ಹಾಡುಗಳು. 1958ರ ಅಕ್ಟೋಬರ್ 23ರಂದು ಕೆನಡಾದ ಸ್ಪ್ರಿಂಗ್‌ಹಿಲ್ ಗಣಿ ಕುಸಿಯಿತು. ಒಳಗಿದ್ದ 174 ಜನರಲ್ಲಿ 75 ಜನ ಸತ್ತರು. ದಿನಗಟ್ಟಲೆ ಕತ್ತಲಲ್ಲಿ ಸಿಕ್ಕಿಕೊಂಡಿದ್ದ 19 ಜನ ಜೀವಂತ ಸಿಕ್ಕರು. ಟಿವಿಯಲ್ಲಿ ಅದನ್ನು ಕಂಡು ಪೆಗ್ಗಿ ಕಟ್ಟಿದ ಲಾವಣಿಯಲ್ಲಿ, ಯೂಅನ್ ನೆರವೂ ಅದರಲ್ಲಿದೆ, ಗೋಳಾಟವಿಲ್ಲ. ಊರಿನ ಹೆಸರು, ಎಷ್ಟು ಜನ, ಎಷ್ಟು ದೂರ, ನೀರು ಮುಗಿದದ್ದು, ದೀಪ ಆರಿದ್ದು. ಲೆಕ್ಕ ಕೊಟ್ಟರೆ ಸಾಕು, ಸಂಕಟ ಕೇಳುವವರ ಎದೆಯಲ್ಲಿ ತಾನಾಗಿ ಏಳುತ್ತದೆ. ನಮ್ಮ ಲಾವಣಿಕಾರರೂ ಇಸವಿ, ವಾರ, ಊರು ಹೇಳಿಯೇ ಶುರು ಮಾಡುತ್ತಿದ್ದುದು.

1970ರಲ್ಲಿ, ಆ ಕಿರಿಯ ಗಾಯಕರ ಗುಂಪಿನ ವಾರ್ಷಿಕ ನಾಟಕಕ್ಕೆ ಹೆಂಗಸರ ಬಗ್ಗೆ ಒಂದು ಹಾಡು ಬೇಕೆಂದಾಗ ‘ಐ ಆಮ್ ಗೊನ್ನ ಬಿ ಆನ್ ಎಂಜಿನಿಯರ್’ ಹುಟ್ಟಿತು. ಬ್ರಿಟನ್ನಿನಲ್ಲಿ ಸಮಾನ ವೇತನದ ಕಾಯಿದೆ ಪಾಸಾದ ವರ್ಷವೂ ಅದೇ. ಎಂಜಿನಿಯರ್ ಆಗಬೇಕೆಂದ ಹುಡುಗಿಗೆ ತಾಯಿ ಹೆಣ್ಣಾಗಿರು ಅನ್ನುತ್ತಾಳೆ. ಹುಡುಗಿ ಟೈಪಿಂಗ್ ಕಲಿತು ದುಡಿದು ಗಂಡನನ್ನು ಎಂಜಿನಿಯರಿಂಗ್ ಓದಿಸುತ್ತಾಳೆ. ಕೊನೆಗೆ ತಾನೇ ಕಾರ್ಖಾನೆಗೆ ಸೇರಿದರೆ ಸಂಬಳ ಕಡಿಮೆ. ಮಾತುಗಳು ಒತ್ತೊತ್ತಾಗಿ ಬರುತ್ತವೆ, ಧಾಟಿ ಪದ್ಯದ ನಡುವೆಯೇ ಮಗ್ಗುಲು ಬದಲಿಸುತ್ತದೆ. ಹಾಡುವವರು ಕೆಡಿಸುವುದು ಉಸಿರಿನ ಲೆಕ್ಕದಲ್ಲಿ: ಶುರುವಿನಲ್ಲೇ ಸಿಟ್ಟು ತಂದುಕೊಂಡರೆ ಮೂರನೆಯ ಪದ್ಯಕ್ಕೆ ಗಾಳಿ ಇರುವುದಿಲ್ಲ. ನಗುಮುಖದಿಂದ ಹೊರಟು, ಸಿಟ್ಟನ್ನು ಕೊನೆಯ ಪದ್ಯಕ್ಕೆ ಉಳಿಸಿಕೊಳ್ಳಬೇಕು. ರೂತ್ ಅವರ ಇಪ್ಪತ್ತು ವರ್ಷ ಗೊತ್ತಿದ್ದವರಿಗೆ ಈ ಹಾಡು ಎಂಜಿನಿಯರ್ ಒಬ್ಬಳದ್ದು ಮಾತ್ರ ಅನಿಸುವುದಿಲ್ಲ.

ಈ ಹಾಡಿನಿಂದಾಗಿ ಹೆಂಗಸರ ಸಭೆಗಳಿಗೆ ಕರೆ ಬರತೊಡಗಿತು. ಹೋದಾಗ ಕೈಯಲ್ಲಿದ್ದದ್ದು ಅದೊಂದೇ ಹಾಡು. ಹಳೆಯ ಲಾವಣಿಗಳಲ್ಲಿ ಹೆಂಗಸು ಮೋಸ ಹೋಗುತ್ತಾಳೆ, ಇಲ್ಲವೇ ಕೊಲೆಯಾಗುತ್ತಾಳೆ. ಆಗ ರೇಡಿಯೊ ಬ್ಯಾಲಡ್‌ನ ಹಾದಿಯನ್ನೇ ಹಿಡಿದು ಹೆಂಗಸರ ಮಾತು ಕೇಳಿ ಹಾಡು ಕಟ್ಟತೊಡಗಿದರು. ಇಂಗ್ಲೆಂಡಿನ ಗ್ರೀನ್‌ಹ್ಯಾಮ್ ಕಾಮನ್ ವಾಯುನೆಲೆಯಲ್ಲಿ ಅಣ್ವಸ್ತ್ರಗಳ ವಿರುದ್ಧ ಹೆಂಗಸರು ಬೀಡುಬಿಟ್ಟಾಗ ಅವರಿಗಾಗಿ ಕಟ್ಟಿದ ಹಾಡು ಬೇರೆ ಥರದ್ದು. ಕೆಸರಿನಲ್ಲಿ ನಿಂತವರ ಕೈಯಲ್ಲಿ ಕಾಗದ ಇರುವುದಿಲ್ಲ. ಸೊಲ್ಲು ಗಿಡ್ಡದಾಗಿರಬೇಕು, ಒಂದು ಸಲ ಕೇಳಿದರೆ ಬಾಯಿಗೆ ಹತ್ತಬೇಕು, ಎಲ್ಲರ ಗಂಟಲಿಗೂ ಎಟುಕುವ ಸ್ಥಾಯಿಯಲ್ಲಿರಬೇಕು.

ಯೂಅನ್ 1989ರಲ್ಲಿ ತೀರಿಕೊಂಡರು. ಪೆಗ್ಗಿ ಕೆಲವು ವರ್ಷ ಅಮೆರಿಕಕ್ಕೆ ಮರಳಿ, ಮತ್ತೆ ಇಂಗ್ಲೆಂಡಿಗೇ ಬಂದರು. 2021ರಲ್ಲಿ, 85 ದಾಟಿದ ಮೇಲೆ ಬಂದ ‘ಫಸ್ಟ್ ಫೇರ್‌ವೆಲ್’ ಆಲ್ಬಮ್ ಮನೆಯವರೇ ಸೇರಿ ಮಾಡಿದ್ದು. ದನಿ ತಗ್ಗಿದೆ, ಮೇಲಿನ ಸ್ವರಗಳನ್ನು ಮುಟ್ಟುವ ಬದಲು ಮಾತಿಗೆ ಹತ್ತಿರ ಇಳಿದು ಹಾಡುತ್ತಾರೆ, ಪಿಯಾನೊ ಮುಂದೆ ಬಂದಿದೆ. ಅದರಲ್ಲಿ, ವಯಸ್ಸಾದ ಹೆಂಗಸು ಬೀದಿಯಲ್ಲಿ ನಡೆದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಅನ್ನುವ ಒಂದು ಹಾಡಿದೆ. ಕಟ್ಟಿದವರ ಜಾಗದಲ್ಲಿ ಎರಡು ಹೆಸರು: ಪೆಗ್ಗಿ ಸೀಗರ್, ಹಿರಿಯ ಮಗ ನೀಲ್ ಮೆಕಾಲ್.